ಅಟ್ಟಕ್ಕೆ ಹೋದ ಕೌದಿಗಳು

ಹೋದ ಏಪ್ರಿಲ್‌ನ ಒಂದು ಶನಿವಾರ ಬೆಳಿಗ್ಗೆ, ಸ್ಟರ್ಲಿಂಗ್‌ನ ನನ್ನ ಮನೆಯಲ್ಲಿ ಅಟ್ಟದ ಮುಚ್ಚಳವನ್ನು ಮೊದಲ ಸಲ ಮೇಲಕ್ಕೆ ತಳ್ಳಿದೆ. ಒಣಗಿದ ಪೈನ್ ಮರ, ಹಳೇ ಧೂಳು, ಅದರ ಜೊತೆಗೆ ಗುಲಾಬಿ ಬಣ್ಣದ ಗಾಜುನೂಲಿನ ಇನ್ಸುಲೇಷನ್‌ನ ಗಂಟಲು ಕೆರೆಯುವ ವಾಸನೆ, ಎಲ್ಲ ಒಟ್ಟಿಗೇ ಮುಖಕ್ಕೆ ಬಡಿಯಿತು. ಇನ್ನೂ ಒಳಗೆ ತಲೆ ಹಾಕಿಯೇ ಇರಲಿಲ್ಲ, ಆಗಲೇ ಕತ್ತು ಕೈ ಎಲ್ಲ ನವೆಯಾಗತೊಡಗಿತು. ಏಣಿಯ ಮೇಲೆ ಹಾಗೇ ನಿಂತುಬಿಟ್ಟೆ. ಕೈಯಲ್ಲಿದ್ದ ಟಾರ್ಚ್ ಹಚ್ಚುವುದೂ ಮರೆತುಹೋಯಿತು.

ಈ ವಾಸನೆ ನನಗೆ ಗೊತ್ತಿತ್ತು. ಮೇರಿಲ್ಯಾಂಡ್‌ನ ರಾಕ್‌ವಿಲ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಯ ಅಟ್ಟದ್ದು ಅದು. ಆ ಮನೆಯ ಓನರ್ ಅಂಕಲ್ ನೆನಪಾದರು. ತಲೆಗೆ ಹಳೇ ಮಫ್ಲರ್ ಸುತ್ತಿಕೊಂಡು, ಮಾಸ್ಕ್ ಮೇಲೆ ಕನ್ನಡಕ ಮಬ್ಬಾಗಿ, ಅಟ್ಟದ ಬಾಯಿಂದ ಕೆಳಗೆ ಇಣುಕುತ್ತಿದ್ದ ಅವರ ಮುಖ... ಆ ಮುಖ ನೋಡಿ ಬಹಳ ದಿನವಾಯಿತು. ಇನ್ನು ನೋಡುವಂತೆಯೂ ಇಲ್ಲ.

ಡುಲುತ್‌ನಿಂದ ನಾನು ರಾಕ್‌ವಿಲ್‌ಗೆ ಬಂದಾಗ ಎರಡು ಸೂಟ್‌ಕೇಸು, ಒಂದು ಕುಕ್ಕರು, ಮುರಿದ ಒಂದು ಮದುವೆ, ಇಷ್ಟೇ ನನ್ನ ಆಸ್ತಿ. ಲ್ಯಾಬ್ ಒಂದರಲ್ಲಿ ಡೇಟಾ ನೋಡುವ ಕೆಲಸ ಸಿಕ್ಕಿತ್ತು. ಅಂಕಲ್ ಮನೆಯ ಬೇಸ್‌ಮೆಂಟ್ ಖಾಲಿ ಇದೆಯೆಂದು ಯಾರೋ ಹೇಳಿದರು. ಅಂಕಲ್, ಆಂಟಿ ಇಬ್ಬರೂ ಧಾರವಾಡದ ಕಡೆಯವರು. ಅಂಕಲ್ ರಸ್ತೆ, ಸೇತುವೆ ಎಂದು ದುಡಿದು ರಿಟೈರ್ ಆಗಿದ್ದ ಎಂಜಿನಿಯರ್. ಬಾಗಿಲಲ್ಲಿ ನಿಂತ ನನ್ನನ್ನು ಆಂಟಿ ಮೇಲಿಂದ ಕೆಳಗಿನತನಕ ನೋಡಿದರು. ಗಂಡ ಎಲ್ಲಿ, ಯಾಕೆ ಒಬ್ಬಳೇ, ಯಾವ ಜನ, ಒಂದೂ ಕೇಳಲಿಲ್ಲ. "ಊಟ ಆತೇನು?" ಎಂದರು. ಆಗಿಲ್ಲ ಎಂದೆ. ಬಾಡಿಗೆ ಮಾತು ಆಮೇಲೆ ಆಯಿತು, ಮೊದಲು ತಟ್ಟೆಗೆ ಜೋಳದ ರೊಟ್ಟಿ ಬಂತು.

ನಾನು ಮೈಸೂರಿನವಳು. ನಮಗೆ ರೊಟ್ಟಿ ಎಂದರೆ ಅಕ್ಕಿ ರೊಟ್ಟಿ, ಮಾತು ಎಂದರೆ ಸ್ವಲ್ಪ ಬೆಣ್ಣೆ ಹಚ್ಚಿದ್ದು. ಇವರದ್ದು ಎರಡೂ ಖಡಕ್. ಮೊದಮೊದಲು ಆಂಟಿ ಬೈಯುತ್ತಿದ್ದಾರಾ, ಕರೆಯುತ್ತಿದ್ದಾರಾ ಎಂದೇ ತಿಳಿಯುತ್ತಿರಲಿಲ್ಲ. ತಿಳಿಯುವ ಹೊತ್ತಿಗೆ ನಾನು ಅವರ ಸೋಫಾದ ಒಂದು ತುದಿಯನ್ನು ಖಾಯಂ ಆಗಿ ಹಿಡಿದುಕೊಂಡಾಗಿತ್ತು. ಇನ್ನೊಂದು ತುದಿಯಲ್ಲಿ ಆಂಟಿ ಕೂತು ಕೌದಿ ಹೊಲಿಯುತ್ತಿದ್ದರು. ಹಳೇ ಸೀರೆ, ಅಂಕಲ್‌ನ ಸವೆದ ಪಂಚೆ, ಮಗಳು ಚಿಕ್ಕವಳಿದ್ದಾಗಿನ ಫ್ರಾಕು, ಎಲ್ಲ ಪದರ ಪದರ ಹಾಸಿ, ಸಾಲು ಹಿಡಿದು ಕೈಯಲ್ಲೇ ಹೊಲಿಗೆ. ಒಂದೊಂದು ತುಂಡಿಗೂ ಒಂದು ಕಥೆ. ಇದು ಅತ್ತೆ ಉಡಿಸಿದ ಇಳಕಲ್ಲು, ಇದು ಈ ದೇಶಕ್ಕೆ ಬರುವಾಗ ವಿಮಾನದಲ್ಲಿ ಉಟ್ಟಿದ್ದು... ನಾನು ಕೇಳುತ್ತಾ ಕೇಳುತ್ತಾ ಅಲ್ಲೇ ತೂಕಡಿಸಿದ ಸಂಜೆಗಳು ಎಷ್ಟೋ.

ಕೌದಿ ಮುಗಿಯುವ ದಿನ ಅವರದೊಂದು ಕ್ರಮವಿತ್ತು. ಕೊನೆಯ ಮೂಲೆಯನ್ನು ಹೊಲಿಯದೆ ಬಿಟ್ಟು, ಅದರೊಳಗೆ ಒಣ ರೊಟ್ಟಿಯ ಒಂದು ಚೂರು ಇಟ್ಟು, ಅರಿಶಿನ ಕುಂಕುಮ ಮುಟ್ಟಿಸಿ, ಆಮೇಲೆ ಬಾಯಿ ಮುಚ್ಚಿ ಹೊಲಿಯುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ.

"ಏನ್ ಆಂಟಿ, ಹೊದಿಕೆಗೂ ಊಟನಾ?"

"ಮತ್ತ? ಜೀವನ ಪೂರಾ ನಮ್ಮನ್ನ ಬೆಚ್ಚಗ ಇಡೂದು ಅದು. ಹೊಟ್ಟಿ ತುಂಬದ ಕೌದಿ ಹೊಚ್ಚಿಕೊಂಡವರಿಗೆ ನಿದ್ದಿ ಹತ್ತೂದಿಲ್ಲ, ತಿಳಕೋ" ಎಂದರು. ನಗಲಿಲ್ಲ.

ಅವರ ತಾಯಿ ಹಾಗೆ ಮಾಡುತ್ತಿದ್ದರಂತೆ, ಅವರ ತಾಯಿಯ ತಾಯಿಯೂ. ಮೇರಿಲ್ಯಾಂಡ್‌ಗೆ ಬಂದಮೇಲೂ ಅವರು ಬಿಟ್ಟಿರಲಿಲ್ಲ. ಮನೆಯ ಕೌದಿಗಳೆಲ್ಲ ಹೊಟ್ಟೆ ತುಂಬಿದವೇ ಆಗಿದ್ದವು. ಕೊನೆಗೆ ಕೈಗೆತ್ತಿಕೊಂಡ ಒಂದು ಮಾತ್ರ ಮುಗಿಯಲಿಲ್ಲ.

ಕೊರೋನಾದ ವರ್ಷ, ಎರಡು ಸಾವಿರದ ಇಪ್ಪತ್ತರ ಕೊನೆಯಲ್ಲಿ ಆಂಟಿಗೆ ಜ್ವರ ಬಂತು. ಆಂಬುಲೆನ್ಸ್‌ನವರು ಬಂದಾಗ ಹೊಲಿಯುತ್ತಿದ್ದ ಕೌದಿಗೆ ಸೂಜಿ ಚುಚ್ಚಿ, ಮಡಚಿ ಸೋಫಾದ ಮೇಲಿಟ್ಟು, "ಬಂದು ಮುಗಸ್ತೇನಿ, ಯಾರೂ ಕೈ ಹಚ್ಚಬ್ಯಾಡ್ರಿ" ಎಂದು ಹೋದರು. ಆಸ್ಪತ್ರೆಯೊಳಗೆ ಯಾರನ್ನೂ ಬಿಡುವಂತಿರಲಿಲ್ಲ. ಅಂಕಲ್ ಪಾರ್ಕಿಂಗ್ ಲಾಟಿನಲ್ಲಿ ಕಾರಿನಲ್ಲೇ ಕೂತಿರುತ್ತಿದ್ದರು. ನಾನು ಡಬ್ಬಿಯಲ್ಲಿ ಅನ್ನ ಸಾರು ಕೊಟ್ಟು, ನನ್ನ ಕಾರಿನೊಳಗಿಂದಲೇ ಅವರನ್ನು ನೋಡಿ ಬರುತ್ತಿದ್ದೆ. ಆಂಟಿ ಬರಲಿಲ್ಲ... ಮಗಳು ಶಾರ್ಲಟ್‌ನಲ್ಲಿ ಡಾಕ್ಟರು, ಅವಳೂ ಆಗ ಅಲ್ಲಿ ಕೈಗೂಸು ಮತ್ತು ಕಾಯಿಲೆಯವರ ನಡುವೆ ಸಿಕ್ಕಿಕೊಂಡಿದ್ದಳು. ತಾಯಿಯ ಅಂತ್ಯಕ್ರಿಯೆಯನ್ನು ಸ್ಕ್ರೀನಿನಲ್ಲಿ ನೋಡಿದಳು. ಅಂಕಲ್‌ನ ಕೈ ಹಿಡಿದು ಎರಡು ಮಾತು ಹೇಳೋಣವೆಂದರೆ ಮುಟ್ಟಲು ಭಯ. ಮೆಟ್ಟಿಲ ಕೆಳಗೆ ನಾನು, ಮೆಟ್ಟಿಲ ಮೇಲೆ ಅವರು, ಇಬ್ಬರ ಬಾಯಿಗೂ ಮಾಸ್ಕು. ಅಂಥ ಹಾಳು ಕಾಲ ಅದು.

ಆಮೇಲೆ ಆ ಮನೆ ಸುಮ್ಮನಾಯಿತು. ಬಿಸಿಗಾಳಿ ಹರಿಯುವ ಹೀಟಿಂಗ್ ಡಕ್ಟಿನಲ್ಲಿ ಮೇಲಿನ ಸದ್ದೆಲ್ಲ ನನ್ನ ಬೇಸ್‌ಮೆಂಟಿಗೆ ಇಳಿದು ಬರುತ್ತಿತ್ತು. ಮೊದಲು ಲಟ್ಟಣಿಗೆ, ಬಳೆ, ಟೀವಿ, ಗಂಡ ಹೆಂಡತಿಯ ಜಗಳ, ಎಲ್ಲ ಕೇಳುತ್ತಿತ್ತು. ಈಗ ಕೇಳುತ್ತಿದ್ದುದು ಅಂಕಲ್‌ನ ಚಪ್ಪಲಿ ಸದ್ದು ಒಂದೇ. ಅವರು ಬೆಡ್‌ರೂಮಿಗೆ ಹೋಗುವುದನ್ನೇ ಬಿಟ್ಟಿದ್ದರು. ಮಂಚದ ಮೇಲೆ ಆಂಟಿಯ ಕೌದಿಗಳು, ಸೀರೆಗಳು, ಹೊಲಿಗೆ ಡಬ್ಬಿ, ಚಿಂದಿ ಬಟ್ಟೆಯ ಗಂಟುಗಳು ರಾಶಿ ಬಿದ್ದಿದ್ದವು. ಅದನ್ನು ಸರಿಸಲಾರದೆ ಸೋಫಾದ ಮೇಲೆ ಮಲಗಿ ಸೊಂಟ ಹಿಡಿಸಿಕೊಂಡಿದ್ದರು.

ಅಂಕಲ್‌ಗೆ ಕಿವಿ ಸ್ವಲ್ಪ ಮಂದ, ಫೋನ್ ಯಾವಾಗಲೂ ಸ್ಪೀಕರಿನಲ್ಲೇ. ಫೆಬ್ರವರಿಯ ಒಂದು ಭಾನುವಾರ ಮಗಳ ಮಾತು ಡಕ್ಟಿನಲ್ಲಿ ಇಳಿದು ಬಂತು.

"ಅಪ್ಪಾ, ಯು ಕಾಂಟ್ ಸ್ಲೀಪ್ ಆನ್ ದ ಸೋಫಾ. ಅಮ್ಮಂದು ಸ್ಟಫ್ ಎಲ್ಲ ಡೊನೇಟ್ ಮಾಡು. ಇಲ್ಲ ಅಂದ್ರೆ ಬೇಸ್‌ಮೆಂಟ್ ಖಾಲಿ ಮಾಡಿಸಿ ಅಲ್ಲಿ ಇಡು. ಎರಡರಲ್ಲಿ ಒಂದು ಮಾಡು, ಪ್ಲೀಸ್."

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ನಾನು ಅವಳ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ಬೇಸ್‌ಮೆಂಟ್ ಎಂದರೆ ನಾನು. ಆ ಊರಲ್ಲಿ ನನಗೆ ಆ ಮನೆ ಬಿಟ್ಟರೆ ಇನ್ನೊಂದು ಬಾಗಿಲು ಗೊತ್ತಿರಲಿಲ್ಲ. ಆಫೀಸು ಕೂಡ ಮನೆಯಿಂದಲೇ ನಡೆಯುತ್ತಿತ್ತು. ಲ್ಯಾಪ್‌ಟಾಪಿನ ಪುಟ್ಟ ಪುಟ್ಟ ಚೌಕದ ಮುಖಗಳನ್ನು ಬಿಟ್ಟರೆ ನಾನು ಕಣ್ಣಾರೆ ನೋಡುತ್ತಿದ್ದ ಮನುಷ್ಯರು ಅಂಕಲ್ ಒಬ್ಬರೇ. ಅಂಕಲ್ ಮಗಳಿಗೆ ಏನು ಉತ್ತರ ಕೊಡುತ್ತಾರೋ ಎಂದು ಡಕ್ಟಿನ ಜಾಲರಿಗೆ ಕಿವಿ ಕೊಟ್ಟು ಕೇಳಿದೆ. "ನೋಡೂಣಂತ" ಎಂದಷ್ಟೇ ಹೇಳಿ ಫೋನಿಟ್ಟರು.

ಹೇಳಿಸಿಕೊಂಡು ಹೋಗುವುದಕ್ಕಿಂತ ನಾನೇ ಹೋಗುವುದು ಮರ್ಯಾದೆ ಅನ್ನಿಸಿತು. ಮರುದಿನ ದಿನಸಿ ಅಂಗಡಿಯಿಂದ ಖಾಲಿ ರಟ್ಟಿನ ಡಬ್ಬಗಳನ್ನು ತಂದು ಬೇಸ್‌ಮೆಂಟಿನ ಬಾಗಿಲ ಹತ್ತಿರ ಜೋಡಿಸಿಟ್ಟೆ. ಕಸ ಹಾಕಲು ಹೊರಗೆ ಬಂದ ಅಂಕಲ್ ಅವನ್ನು ನೋಡಿದರು. ಅವರ ಕಡೆ ಮಗಳ ವಯಸ್ಸಿನವರೂ ತಂಗಿಯೇ.

"ಇವು ಎದಕ ತಂದಿ ತಂಗಿ?"

"ಪ್ಯಾಕ್ ಮಾಡ್ಕೊಳೋಕೆ ಅಂಕಲ್. ನಿಮಗೆ ಜಾಗ ಬೇಕಲ್ವಾ."

ಅವರು ಬೆರಳನ್ನು ಛಾವಣಿಯ ಕಡೆ ಎತ್ತಿದರು. "ಜಾಗ ಮ್ಯಾಲ ಐತಿ. ಸಾಮಾನು ಮ್ಯಾಲ ಹೋಗ್ಲಿ. ಮನಷ್ಯಾರು ಯಾಕ ಹೋಗಬೇಕು?"

ಅಷ್ಟು ಹೇಳಿ ಕಸದ ಡಬ್ಬಿಯನ್ನು ಎಳೆದುಕೊಂಡು ಹೋಗಿಬಿಟ್ಟರು. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತೆ. ಮದುವೆ ಮುರಿದಾಗ ಕೂಡ ಹಾಗೆ ಅತ್ತಿರಲಿಲ್ಲ.

ಮೇಲೆ ಜಾಗವೇನೋ ಇತ್ತು, ನೆಲ ಇರಲಿಲ್ಲ. ನಮ್ಮ ಕಡೆಯ ಹಳೇ ಮನೆಗಳ ಅಟ್ಟ ಎಂದರೆ ಅಡುಗೆ ಮನೆಯ ಮೇಲೆ, ಒಲೆಯ ಶಾಖಕ್ಕೆ ಸದಾ ಬೆಚ್ಚಗೆ, ಏನಿಟ್ಟರೂ ಕೆಡುವುದಿಲ್ಲ. ಇಲ್ಲಿನ ಅಟ್ಟಕ್ಕೆ ಹೀಟರ್ ಇಲ್ಲ. ಚಳಿಗಾಲದಲ್ಲಿ ಫ್ರಿಜ್ಜು, ಬೇಸಿಗೆಯಲ್ಲಿ ಬಾಣಲೆ. ಒಳಗೆ ಬರೀ ಮರದ ತೊಲೆಗಳ ಸಾಲು, ತೊಲೆಗಳ ನಡುವೆ ಉಬ್ಬಿಕೊಂಡಿರುವ ಗುಲಾಬಿ ಇನ್ಸುಲೇಷನ್. ತೊಲೆ ತಪ್ಪಿ ಕಾಲಿಟ್ಟರೆ ತೆಳು ಸೀಲಿಂಗ್ ಒಡೆದು ಕಾಲು ಕೆಳಗಿನ ಕೋಣೆಯಲ್ಲಿ ನೇತಾಡುತ್ತದೆ. ನಾನು ತೊಲೆಗಳ ಮೇಲೆ ಹಲಗೆ ಹಾಸಿಬಿಟ್ಟರೆ ಆಯಿತಲ್ಲ ಎಂದೆ. ಅಂಕಲ್ ಹೌಹಾರಿದರು.

"ಇನ್ಸುಲೇಷನ್ ಅಂದ್ರ ಮನಿ ಹೊಚ್ಚಿಕೊಂಡ ಕೌದಿ ಇದ್ದಂಗ. ಅದು ತೊಲಿಗಿಂತ ಎತ್ತರ ಐತಿ ನೋಡು. ಹಲಗಿ ಒತ್ತಿದ್ರ ಚಪ್ಪಟಿ ಆಗ್ತೈತಿ. ಚಪ್ಪಟಿ ಆದ್ರ ಮನಿ ಬೆಚ್ಚಗ ಇರೂದಿಲ್ಲ."

ಹಾಗಾಗಿ ಮೊದಲು ತೊಲೆಗಳಿಗೆ ಅಡ್ಡವಾಗಿ ಉದ್ದನೆಯ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ಎತ್ತರ ಮಾಡಬೇಕು, ಅದರ ಮೇಲೆ ಹಲಗೆ. ಇನ್ಸುಲೇಷನ್ ಅಡಿಯಲ್ಲಿ ಉಬ್ಬಿಕೊಂಡೇ ಇರುತ್ತದೆ. ಪ್ಲಾನ್ ಸೊಗಸಾಗಿತ್ತು. ಆದರೆ ಆ ವರ್ಷ ಮರಕ್ಕೆ ಬಂಗಾರದ ಬೆಲೆ ಬಂದಿತ್ತು. ದೊಡ್ಡ ಅಂಗಡಿಯಲ್ಲಿ ಪ್ಲೈವುಡ್ಡಿನ ಬೆಲೆ ನೋಡಿ ಅಂಕಲ್ ಇಡೀ ಅಂಗಡಿಗೆ ಕೇಳುವಂತೆ, "ಇದನ್ನ ನೆಲಕ್ಕ ಹಾಸೂದೇನು, ಕೊಳ್ಳಾಗ ಹಾಕೋಳೂದೇನು?" ಎಂದರು. ಅಲ್ಲಿ ಕನ್ನಡ ಬಲ್ಲವರು ನಾನೊಬ್ಬಳೇ ಇದ್ದುದು ಪುಣ್ಯ. ಅಡ್ಡಪಟ್ಟಿ ಮತ್ತು ಸ್ಕ್ರೂ ಮಾತ್ರ ಕೊಂಡು ವಾಪಸ್ ಬಂದೆವು.

ಹಲಗೆಗಳನ್ನು ಅವರು ಸೇರಿಸಿದ ರೀತಿ ನೆನೆದರೆ ಈಗಲೂ ನಗು ಬರುತ್ತದೆ. ನಮ್ಮ ಬೀದಿಯಲ್ಲಿ ದೊಡ್ಡ ಸಾಮಾನು ಎಸೆಯುವ ದಿನ ಜನ ಮುರಿದದ್ದು, ಬೇಡದ್ದು ಎಲ್ಲ ರಸ್ತೆ ಬದಿಗೆ ಇಡುತ್ತಿದ್ದರು. ಅಂಕಲ್ ವಾಕಿಂಗ್ ಎಂದು ಹೊರಟು ಪ್ಯಾಂಟಿನ ಜೇಬಿನಲ್ಲಿ ಅಳತೆ ಟೇಪ್ ಇಟ್ಟುಕೊಳ್ಳುತ್ತಿದ್ದರು. ಯಾರದೋ ಪುಸ್ತಕದ ಕಪಾಟು, ಯಾರದೋ ಮಂಚದ ಹಲಗೆ, ಒಂದು ಹಸಿರು ಟೇಬಲ್ ಟೆನ್ನಿಸ್ ಮೇಜು. ಹಾಗೇ ಹೊತ್ತು ತರುವ ಪೈಕಿ ಅಲ್ಲ ಅವರು. ಬೆಲ್ ಒತ್ತಿ, ಹಿಂದೆ ಸರಿದು ನಿಂತು, ತೆಗೆದುಕೊಳ್ಳಲೇ ಎಂದು ಕೇಳುತ್ತಿದ್ದರು. ಸಾಮಾನು ಹೇರಲು ತಂದ ಕಾರಿನಲ್ಲಿ ಕೂತ ನಾನು ನಾಚಿಕೆಗೆ ತಲೆ ಬಗ್ಗಿಸಿಕೊಂಡಿರುತ್ತಿದ್ದೆ. ಅವರಿಗೆ ಒಂದು ಚೂರೂ ನಾಚಿಕೆ ಇರಲಿಲ್ಲ. ಹೆಂಡತಿ ಹೋದಮೇಲೆ ಅವರು ಹೊರಗಿನ ಮನುಷ್ಯರ ಜೊತೆ ಮಾತಾಡಿದ್ದು ಅದೇ ಮೊದಲಿರಬೇಕು.

ಗ್ಯಾರೇಜಿನಲ್ಲಿ ಅವನ್ನೆಲ್ಲ ಅಟ್ಟದ ಬಾಯಿಗೆ ಹಿಡಿಸುವಷ್ಟು ಅಗಲಕ್ಕೆ ಕೊಯ್ದೆವು. ಆಂಟಿ ಚಿಂದಿ ಬಟ್ಟೆ ಜೋಡಿಸುತ್ತಿದ್ದ ಹಾಗೆ ಅಂಕಲ್ ಹಲಗೆ ತುಂಡುಗಳನ್ನು ನೆಲದ ಮೇಲೆ ಹರಡಿ, ಯಾವುದರ ಪಕ್ಕ ಯಾವುದು ಎಂದು ಜೋಡಿಸಿ ನೋಡುತ್ತಿದ್ದರು. ಒಂದು ಸಲ ನಾನು ಅದನ್ನು ಬಾಯಿಬಿಟ್ಟು ಹೇಳಿಯೇಬಿಟ್ಟೆ. ಅವರು ತಲೆಯೆತ್ತಲಿಲ್ಲ. "ಅಕಿ ನೋಡಿದ್ರ ನಗತಿದ್ಲು. ನಿಮ್ಮ ಕೌದಿ ಭಾಳ ಒರಟ ಐತಿ ಅಂತಿದ್ಲು" ಎಂದರು.

ಏಪ್ರಿಲ್‌ನ ತಂಪು ಬೆಳಿಗ್ಗೆಗಳಲ್ಲಿ ಕೆಲಸ ನಡೆಯಿತು. ಬಿಸಿಲೇರಿದರೆ ಮೇಲೆ ಕೂರಲಾಗುತ್ತಿರಲಿಲ್ಲ. ಅವರು ಮೇಲೆ, ನಾನು ಕೆಳಗೆ. ಹಲಗೆ ಎತ್ತಿ ಕೊಡುವುದು, ಏಣಿ ಹಿಡಿಯುವುದು ನನ್ನ ಪಾಲು. ಮೊಳೆ ಹೊಡೆಯುವಂತಿರಲಿಲ್ಲ, ಬಡಿದರೆ ಸೀಲಿಂಗ್ ಬಿರುಕು ಬಿಡುತ್ತದೆ. ಎಲ್ಲ ಸ್ಕ್ರೂ. ಸೂರಿನ ಅಂಚಿನಲ್ಲಿ ಗಾಳಿಯಾಡಲು ಜಾಗ ಬಿಡಬೇಕು. ಇವೆಲ್ಲ ಅವರ ಕಟ್ಟುನಿಟ್ಟು. ಎಲ್ಲಕ್ಕಿಂತ ದೊಡ್ಡ ಕಟ್ಟುನಿಟ್ಟು ಇನ್ನೊಂದಿತ್ತು.

"ಮ್ಯಾಲ ಒಬ್ರು ಹತ್ತಿದ್ರ ಕೆಳಗ ಒಬ್ರು ಇರಬೇಕು. ನನ್ನ ಸೈಟಿನಾಗ ಇದನ್ನ ಯಾರೂ ಮುರದಿಲ್ಲ. ಮನ್ಯಾಗ ಬಲ್ಬ್ ಹಾಕೂದಿದ್ರೂ ಅಕಿ ಬಂದು ಏಣಿ ಹಿಡೀತಿದ್ಲು."

ಮೇಲೆ ಸ್ಕ್ರೂ ತಿರುಗಿಸುತ್ತಾ ಅವರು ಆಗಾಗ ಕೂಗುತ್ತಿದ್ದರು, "ಅದೀಯೇನ್ ತಂಗಿ?" ನಾನು "ಇದೀನಿ ಅಂಕಲ್" ಎನ್ನಬೇಕು. ಒಂದು ಸಲ ಆಫೀಸಿನ ಕಾಲ್ ಬಂತೆಂದು ಉತ್ತರಿಸಲಿಲ್ಲ. ಅಷ್ಟಕ್ಕೇ ಕೆಲಸ ನಿಲ್ಲಿಸಿ, ಗಾಬರಿಯಿಂದ ಅಟ್ಟದ ಬಾಯಿಗೆ ಬಂದು ಇಣುಕಿದರು. ಆಮೇಲೆ ನಾನು ಕಾಲ್ ಇದ್ದರೂ ಮ್ಯೂಟ್ ಮಾಡಿ ಉತ್ತರ ಕೊಡುತ್ತಿದ್ದೆ.

ನೆಲ ಮುಗಿಯಿತು. ಒಂದು ಕಡೆ ವಾಲ್‌ನಟ್ ಬಣ್ಣ, ಒಂದು ಕಡೆ ಬಿಳಿ, ನಡುವೆ ಹಸಿರು ಮೇಜಿನ ತುಂಡು, ಅದರ ಮೇಲೆ ಬಿಳಿ ಗೆರೆ. ಅಂಕಲ್ ಅದರ ಮೇಲೆ ಅಂಗಾತ ಮಲಗಿ ಕೈಕಾಲು ಚಾಚಿದರು. "ನನ್ನ ಭಾರ ತಡೀತು. ಅಕೀದೂ ತಡೀತೈತಿ" ಎಂದರು.

ಆಂಟಿಯ ಸಾಮಾನನ್ನು ಕಟ್ಟಲು ನಾನು ಪ್ಲಾಸ್ಟಿಕ್ ಡಬ್ಬ ತರುತ್ತೇನೆಂದೆ. ಬೇಡವೇ ಬೇಡ ಎಂದರು. ಅರಿವೆಗೆ ಗಾಳಿ ಬೇಕು, ಪ್ಲಾಸ್ಟಿಕ್ಕಿನಲ್ಲಿ ಮುಗ್ಗಲು ವಾಸನೆ ಹಿಡಿಯುತ್ತದೆ, ಧಾರವಾಡದ ಮನೆಯಲ್ಲಿ ಅವರ ತಾಯಿ ಯಾವತ್ತೂ ಹಳೇ ಧೋತರದಲ್ಲಿ ಗಂಟು ಕಟ್ಟಿಯೇ ಅಟ್ಟಕ್ಕೆ ಹಾಕುತ್ತಿದ್ದರು, ಅಲ್ಲಿ ಏನೂ ಕೆಟ್ಟಿರಲಿಲ್ಲ. ನನಗೂ ಸರಿ ಅನ್ನಿಸಿತು. ನಮ್ಮಜ್ಜಿಯೂ ಹಾಗೇ ಮಾಡುತ್ತಿದ್ದಳು. ಒಂದೊಂದು ಕೌದಿಯನ್ನೂ ಅಂಕಲ್ ತಾವೇ ಮಡಚಿ, ಹಳೇ ಬೆಡ್‌ಶೀಟಿನಲ್ಲಿ ಕಟ್ಟಿ, ಮೇಲಕ್ಕೆ ಒಯ್ದರು. ಮುಗಿಯದ ಕೌದಿಯೂ, ಅದಕ್ಕೆ ಚುಚ್ಚಿದ್ದ ಸೂಜಿಯ ಸಮೇತ, ಬೇರೆ ಗಂಟಾಗಿ ಹೋಯಿತು. ಮಂಚ ಖಾಲಿಯಾಯಿತು. ಮಗಳು ಫೋನಿನಲ್ಲಿ, "ಗುಡ್ ಜಾಬ್ ಅಪ್ಪಾ!" ಎಂದಳು. ನನ್ನ ರಟ್ಟಿನ ಡಬ್ಬಗಳನ್ನು ಅಂಕಲ್ ಚಪ್ಪಟೆ ಮಾಡಿ ರೀಸೈಕಲ್‌ಗೆ ಹಾಕಿದರು.

ಏಣಿ ಗ್ಯಾರೇಜಿಗೆ ಹೋದರೂ ಆ ಕೂಗು ಉಳಿದುಕೊಂಡಿತು. ಸಂಜೆ ಹೊತ್ತು ಡಕ್ಟಿನಲ್ಲಿ, "ಅದೀಯೇನ್ ತಂಗಿ?" ಎಂದು ಕೇಳುತ್ತಿತ್ತು. "ಇದೀನಿ ಅಂಕಲ್" ಎಂದು ನಾನು ಗೋಡೆಯ ಜಾಲರಿಗೆ ಬಾಯಿ ಇಟ್ಟು ಹೇಳುತ್ತಿದ್ದೆ. ಬೇರೆ ಮಾತೇನೂ ಇರುತ್ತಿರಲಿಲ್ಲ. ಹೇಳುವುದಕ್ಕೆ ಇಬ್ಬರ ಹತ್ತಿರವೂ ಏನಿತ್ತು? ಆದರೆ ಆ ಕೂಗು ಬರುವುದು ತಡವಾದರೆ ನನಗೆ ಕೆಲಸದ ಮೇಲೆ ಮನಸ್ಸು ನಿಲ್ಲುತ್ತಿರಲಿಲ್ಲ.

ಮುಂದಿನ ಚಳಿಗಾಲದಲ್ಲಿ ನಾನು ಮೇಲೆ ಹೋದಾಗೆಲ್ಲ ಅಂಕಲ್ ಮನೆಯ ಸೀಲಿಂಗಿನ ಮೇಲೆ ಪರಪರ ಸದ್ದು ಕೇಳತೊಡಗಿತು. ಅಂಕಲ್‌ಗೆ ಕೇಳಿಸಲಿಲ್ಲ. ನಾನು ಹೇಳಿದಾಗ, ಗಾಳಿ ಇರಬೇಕು ಎಂದರು. ಆ ಚಳಿಯಲ್ಲಿ ಮೇಲೆ ಹತ್ತುವ ಮಾತೇ ಇರಲಿಲ್ಲ, ಮೆಟ್ಟಿಲೆಲ್ಲ ಹಿಮ ಕಟ್ಟಿ ಗ್ಯಾರೇಜಿನಿಂದ ಏಣಿ ತರುವುದೇ ಕಷ್ಟವಾಗಿತ್ತು. ವಸಂತ ಬಂದು, ಮಗಳು ಮಗುವಿನ ಜೊತೆ ಬರುತ್ತಾಳೆ ಎಂದಾಗ ಅಂಕಲ್‌ಗೆ ಹುರುಪು ಬಂತು. ಮೊಮ್ಮಗಳಿಗೆ ಅಜ್ಜಿಯ ಕೌದಿ ಹಾಸಬೇಕು. ಏಣಿ ಮತ್ತೆ ಬಂತು. ನಾನು ಕೆಳಗೆ ಹಿಡಿದು ನಿಂತೆ, ಅವರು ಮೇಲೆ ಹೋದರು.

ತುಂಬ ಹೊತ್ತು ಕೂಗು ಬರಲಿಲ್ಲ. ಕೊನೆಗೆ ನಾನೇ ಕೂಗಿದೆ. "ಅಂಕಲ್, ಇದೀರಾ?" ಉತ್ತರವಿಲ್ಲ. ಕೆಳಗೆ ಒಬ್ಬರು ಇರಬೇಕೆಂಬ ಕಟ್ಟುನಿಟ್ಟನ್ನು ಬಿಟ್ಟು ನಾನೂ ಹತ್ತಿದೆ.

ಅವರು ಹಸಿರು ಹಲಗೆಯ ಮೇಲೆ ಕೂತಿದ್ದರು. ಸುತ್ತ ಬಿಚ್ಚಿದ ಗಂಟುಗಳು. ಒಂದು ಕೌದಿಯನ್ನು ಎತ್ತಿ ಹಿಡಿದರೆ ಅದರ ಮೂಲೆಯೇ ಇರಲಿಲ್ಲ. ಇನ್ನೊಂದರದ್ದೂ ಹಾಗೇ, ಮತ್ತೊಂದರದ್ದೂ. ಮೂಲೆಯಿಂದ ಹಿಡಿದು ನಡುವಿನತನಕ ಕೊರೆದು, ಅರಿವೆಯನ್ನೆಲ್ಲ ಎಳೆ ಎಳೆ ಮಾಡಿ, ಇನ್ಸುಲೇಷನ್ ಜೊತೆ ಕಲಸಿ ಗೂಡು ಕಟ್ಟಿದ್ದವು ಇಲಿಗಳು. ಇಳಕಲ್ ಸೀರೆಯ ಕೆಂಪು ಸೆರಗಿನ ದಾರ ಗುಲಾಬಿ ಇನ್ಸುಲೇಷನ್ನಿನಲ್ಲಿ ಸಿಕ್ಕಿಕೊಂಡಿತ್ತು. ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು. ರೊಟ್ಟಿ. ಪ್ರತಿ ಕೌದಿಯ ಮೂಲೆಯಲ್ಲೂ ಆಂಟಿ ಇಟ್ಟ ಒಣ ರೊಟ್ಟಿ. ಮನೆಯೊಳಗೆ ಇದ್ದಷ್ಟು ದಿನ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತೊಲೆ, ಪಟ್ಟಿ, ಸ್ಕ್ರೂ, ಗಾಳಿ, ಎಲ್ಲದರ ಬಗ್ಗೆ ಅಷ್ಟು ಯೋಚಿಸಿದ ನಾವು ಅದೊಂದನ್ನು ಯೋಚಿಸಿರಲಿಲ್ಲ.

ನಾನು ಬೇಸ್‌ಮೆಂಟಿನಲ್ಲಿ ಬೆಚ್ಚಗಿರಲೆಂದೇ ಅಲ್ಲವೇ ಇವು ಇಲ್ಲಿಗೆ ಬಂದದ್ದು... ಅಳು ಬರುವ ಹಾಗಾಯಿತು. "ಅಂಕಲ್, ನಾನು ಆಗ್ಲೇ ಹೋಗಿದ್ರೆ ಚೆನ್ನಾಗಿತ್ತು" ಎಂದುಬಿಟ್ಟೆ.

ಅವರು ಕೌದಿಯ ಚಿಂದಿಯನ್ನು ತೊಡೆಯ ಮೇಲೆ ಹರಡಿ, ಅಂಗೈಯಿಂದ ನೀವುತ್ತಿದ್ದರು. "ಹುಚ್ಚಿ" ಎಂದರು. ಆಮೇಲೆ ಸಣ್ಣಗೆ ನಕ್ಕರು. ಹೆಂಡತಿ ಹೋದಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಮನಿಗೆ ಯಾರ್ ಬಂದ್ರೂ ಹಸದ ಹೊಟ್ಟೀಲೆ ಕಳಿಸಿದಾಕಿ ಅಲ್ಲ ಅಕಿ. ಇಲಿಗೂ ಉಣ್ಣಾಕ ಹಾಕ್ಯಾಳ ನೋಡು." ನಗುತ್ತಾ ನಗುತ್ತಾ ಅವರ ಭುಜ ಅಲುಗತೊಡಗಿತು. ಅದು ನಗುವಲ್ಲವೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಾನು ಹತ್ತಿರ ಹೋಗಿ ಅವರ ಕೈ ಹಿಡಿದುಕೊಂಡೆ. ಮುಟ್ಟಬಾರದ ಕಾಲ ಅಷ್ಟು ಹೊತ್ತಿಗೆ ಮುಗಿದಿತ್ತು.

ಮೂಲೆಯಲ್ಲಿ ಒಂದು ಗಂಟು ಹಾಗೇ ಇತ್ತು. ಮುಗಿಯದ ಕೌದಿ. ಅದರ ಹೊಟ್ಟೆಯಲ್ಲಿ ರೊಟ್ಟಿ ಇರಲಿಲ್ಲ, ಇಲಿಗಳು ಅದರ ತಂಟೆಗೇ ಹೋಗಿರಲಿಲ್ಲ. ಸೂಜಿ ತುಕ್ಕು ಹಿಡಿದಿತ್ತು, ಅಷ್ಟೇ. ಅಂಕಲ್ ಅದನ್ನು ಹೆಗಲ ಮೇಲೆ ಹಾಕಿಕೊಂಡು ಕೆಳಗಿಳಿದರು. ಆಂಟಿ ಹೇಳಿದ್ದನ್ನು ನಾನು ನೆನಪು ಮಾಡಿದೆ, ಹೊಟ್ಟೆ ತುಂಬದ ಕೌದಿ ಹೊದ್ದರೆ ನಿದ್ದೆ ಹತ್ತುವುದಿಲ್ಲವಲ್ಲ ಎಂದು. "ನನಗ ಹೆಂಗೂ ನಿದ್ದಿ ಇಲ್ಲವ್ವಾ. ನನಗ ಇದ ಸರಿ" ಎಂದರು.

ಅದಾದ ಮೇಲೆ ಅವರ ಮಂಡಿ ಏಣಿಗೆ ಒಪ್ಪಲಿಲ್ಲ. ಮೆಟ್ಟಿಲಿಗೂ ಒಪ್ಪದಿದ್ದಾಗ ಮಗಳು ಬಂದು ಶಾರ್ಲಟ್‌ಗೆ ಕರೆದುಕೊಂಡು ಹೋದಳು. ಮನೆ ಮಾರಿದರು. ನಾನು ಡೇಟಾ ಸೆಂಟರೊಂದರ ಕೆಲಸ ಹಿಡಿದು ಸ್ಟರ್ಲಿಂಗ್‌ಗೆ ಬಂದು ಒಂದು ಮನೆ ಕೊಂಡೆ. ಶಾರ್ಲಟ್‌ಗೆ ಹೊರಡುವ ದಿನ ಕಾರಿನ ಕಿಟಕಿ ಇಳಿಸಿ ಅವರು ಬೇರೇನೂ ಹೇಳಲಿಲ್ಲ. "ಒಬ್ಬಾಕೀನ ಏಣಿ ಹತ್ತಬ್ಯಾಡ" ಎಂದರು. ಆ ಮನೆಯನ್ನು ಕೊಂಡವರು ಅಟ್ಟದಲ್ಲಿನ ಬಿಳಿ ಗೆರೆಯ ಹಸಿರು ಹಲಗೆಯನ್ನು ನೋಡಿ ಏನೆಂದುಕೊಂಡರೋ.

ಹೋದ ವರ್ಷ ಅವರ ಮಗಳು ಫೋನ್ ಮಾಡಿದಳು. ಅಂಕಲ್ ಹೋಗಿ ವಾರವಾಗಿತ್ತು.

"ಅಕ್ಕ, ಆ ಕೌದಿ ನಿಮಗೆ ಕಳಿಸ್ತೀನಿ. 'ಕೆಳಗಿನ ತಂಗಿಗೆ ಕೊಡು' ಅಂತ ಅಪ್ಪ ಹೇಳಿದ್ರು." ಮತ್ತೆ ಅವಳೇ, "ಲಾಸ್ಟ್ ಫ್ಯೂ ಡೇಸ್, ಬೆಡ್‌ನಿಂದ ಕರೀತಾ ಇದ್ರು, 'ಅದೀಯೇನ್ ತಂಗಿ' ಅಂತ. ಒಂದು ಸಲ ಅಲ್ಲ. ನಮ್ಮ ಹೌಸಲ್ಲಿ ಕೆಳಗೆ ಯಾರೂ ಇಲ್ಲ. ವಾಟ್ ಟು ಡೂ ಗೊತ್ತಾಗ್ಲಿಲ್ಲ. ಸೋ ನಾನೇ ಹೇಳ್ದೆ, ಇದೀನಿ ಅಪ್ಪಾ ಅಂತ. ದೆನ್ ಹಿ ವುಡ್ ಬಿ ಕ್ವಯೆಟ್. ವಾಸ್ ದಟ್ ಓಕೆ?"

ಅದಕ್ಕಿಂತ ಸರಿಯಾದ ಉತ್ತರ ಇಲ್ಲಮ್ಮ ಎಂದೆ. ಫೋನಿಟ್ಟ ಮೇಲೆ ಇಡೀ ಮನೆ ಸುಮ್ಮನಿತ್ತು. ಹತ್ತಿರದ ಡಲಸ್ ಏರ್‌ಪೋರ್ಟಿಗೆ ಇಳಿಯುವ ವಿಮಾನದ ಸದ್ದು ಮಾತ್ರ ಇತ್ತು.

ಕೌದಿ ಬಂತು. ತುಕ್ಕು ಸೂಜಿಯನ್ನು ಮಗಳು ತೆಗೆದಿರಲಿಲ್ಲ, ನಾನೂ ತೆಗೆದಿಲ್ಲ. ಅದು ನನ್ನ 'ಅಟ್ಟದ ಸಾಮಾನು' ಅಲ್ಲ, ಹಾಸಿಗೆಯ ಮೇಲೇ ಇದೆ. ಮೂಲೆ ತೆರೆದೇ ಇದೆ. ಆಂಟಿ ಹೇಳಿದ್ದು ಸುಳ್ಳಲ್ಲ, ಅದನ್ನು ಹೊದ್ದ ದಿನ ನನಗೂ ನಿದ್ದೆ ಬರುವುದಿಲ್ಲ. ಆದರೂ ಹೊದೆಯುತ್ತೇನೆ.

ಈ ಮನೆಗೂ ಒಂದು ಬೇಸ್‌ಮೆಂಟ್ ಇದೆ. ಬಂದಾಗಿನಿಂದ ನನ್ನ ಬೇಡದ ಸಾಮಾನೆಲ್ಲ ಅಲ್ಲೇ ಬಿದ್ದಿತ್ತು. ಕಳೆದ ಚಳಿಗಾಲದಲ್ಲಿ ಒಂದು ದಿನ ಅಲ್ಲಿ ದೀಪ ಹಾಕಿ ನೋಡಿದಾಗ, ಒಬ್ಬ ಮನುಷ್ಯ ಇರಬಹುದಾದ ಜಾಗದಲ್ಲಿ ಬರೀ ರಟ್ಟಿನ ಡಬ್ಬಗಳನ್ನು ಇಟ್ಟುಕೊಂಡು ಕೂತಿದ್ದೇನಲ್ಲ ಅನ್ನಿಸಿತು. ಅದಕ್ಕೇ ಏಪ್ರಿಲ್ ಬರಲಿ ಎಂದು ಕಾದು ಅಟ್ಟದ ಮುಚ್ಚಳ ತೆಗೆದದ್ದು. ಅಡ್ಡಪಟ್ಟಿ, ಸ್ಕ್ರೂ ಕೊಂಡೆ. ಹಲಗೆಯನ್ನು ರಸ್ತೆ ಬದಿಯಿಂದಲೇ ತಂದೆ, ಬೆಲ್ ಒತ್ತಿ ಕೇಳಿಯೇ ತಂದೆ. ನಾಚಿಕೆಯಾಯಿತು, ಆದರೂ ಕೇಳಿದೆ. ಪ್ಲಾಸ್ಟಿಕ್ ಡಬ್ಬಗಳನ್ನೂ ತಂದೆ. ಕ್ಷಮಿಸಿ ಅಂಕಲ್, ಇಲ್ಲಿನ ಅಟ್ಟ ನಮ್ಮ ಕಡೆಯ ಅಟ್ಟದ ಹಾಗಲ್ಲ. ಬೇಸ್‌ಮೆಂಟ್ ಬಾಡಿಗೆಗಿದೆ ಎಂದು ಇಲ್ಲಿನ ಕನ್ನಡದವರ ಗುಂಪಿನಲ್ಲಿ ಹಾಕಿದೆ. ಇನ್ನೂ ಯಾರೂ ಕೇಳಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಕೊನೆಯ ಹಲಗೆಗೆ ಕೊನೆಯ ಸ್ಕ್ರೂ ತಿರುಗಿಸಿದೆ. ಅವರ ಹಾಗೆ ಅಂಗಾತ ಮಲಗಿ ನೋಡಿದೆ. ಭಾರ ತಡೆಯಿತು. ಎದ್ದು ಅಟ್ಟದ ಬಾಯಿಗೆ ಬಂದು ಇಣುಕಿದೆ. ಏಣಿ ಇತ್ತು, ಅದನ್ನು ಹಿಡಿದವರು ಯಾರೂ ಇರಲಿಲ್ಲ. ಒಬ್ಬಾಕೀನ ಹತ್ತಬ್ಯಾಡ ಎಂದಿದ್ದರು. ಏನು ಮಾಡಲಿ, ಕರೆಯಲು ಯಾರೂ ಇರಲಿಲ್ಲ.

"ಅದೀಯೇನ್ ತಂಗಿ?"

ನನ್ನ ಮೈಸೂರಿನ ಬಾಯಲ್ಲಿ ಅವರ ಮಾತು ವಿಚಿತ್ರವಾಗಿ ಕೇಳಿಸಿತು. ಖಾಲಿ ಮನೆಯೊಳಗೆ ಅದು ಮೆಟ್ಟಿಲಿಳಿದು ಬೇಸ್‌ಮೆಂಟಿನತನಕ ಹೋಗಿರಬೇಕು. ಸ್ವಲ್ಪ ಹೊತ್ತು ಕಾದೆ. ಆಮೇಲೆ "ಇದೀನಿ ಅಂಕಲ್" ಎಂದು ನಾನೇ ಹೇಳಿಕೊಂಡು, ಒಂದೊಂದೇ ಮೆಟ್ಟಿಲು ಹಿಡಿದು ಇಳಿದೆ.